ಹಲಸಿನ ಮುಳ್ಳು, ಅನಾನಸಿನ ಕಣ್ಣು

ನಮಸ್ಕಾರ. ಹಲಸಿನ ಮೈಯೂ ಮುಳ್ಳು, ಅನಾನಸಿನ ಮೈಯೂ ಮುಳ್ಳು; ಹಾಗಿದ್ದರೆ ಇವೆರಡೂ ನೆಂಟರೇ ಎಂದು ವೀಕ್ಷಕರೊಬ್ಬರು ಕೇಳಿದ್ದರು. ಅಲ್ಲ. ಹಲಸು ಆಲ, ಅತ್ತಿ, ಹಿಪ್ಪುನೇರಳೆಗಳ ಕುಟುಂಬದ ಮರ, ಅದರ ತವರು ಪಶ್ಚಿಮ ಘಟ್ಟ. ದಕ್ಷಿಣ ಅಮೆರಿಕದಿಂದ ಬಂದ ಅನಾನಸಾದರೋ ಸಸ್ಯಶಾಸ್ತ್ರದ ವಿಂಗಡಣೆಯಲ್ಲಿ ಭತ್ತ, ಜೋಳ, ಕಬ್ಬು ಮುಂತಾದ ಹುಲ್ಲುಗಳಿರುವ ಗಣಕ್ಕೇ ಸೇರುತ್ತದೆ. ಅಂದರೆ ಅದಕ್ಕೆ ಹಲಸಿಗಿಂತ ಹುಲ್ಲೇ ಹತ್ತಿರದ ಬಂಧು.

ಇಷ್ಟು ದೂರದವರಾದರೂ ಇವು ಹಣ್ಣಾಗುವ ಬಗೆ ಮಾತ್ರ ಒಂದೇ. ಒಂದು ಹೂವಿನಿಂದ ಒಂದು ಹಣ್ಣು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಿಂಡೊಂದರ ಸುತ್ತ ಒತ್ತಾಗಿ ಅರಳಿದ ಹೂಗಳೆಲ್ಲ ಕೂಡಿಕೊಂಡು ಒಂದೇ ಹಣ್ಣಿನಂತೆ ಕಾಣಿಸಿಕೊಳ್ಳುತ್ತವೆ. ಹಲಸಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ಪರಾಗಸ್ಪರ್ಶವಾಗಿ ಬೀಜ ಕಟ್ಟಿದ ಹೂವು ತೊಳೆಯಾಗುತ್ತದೆ, ಆಗದೆ ಉಳಿದದ್ದು ತೊಳೆಗಳ ನಡುವಿನ ನಾರೆಳೆಯಾಗುತ್ತದೆ. ಹಣ್ಣು ಬಿಡಿಸುವಾಗ ನಾವು ಬೇಸರದಿಂದ ಕಿತ್ತೆಸೆಯುವ ಆ ಎಳೆಗಳು ಫಲಿಸದೆ ಹೋದ ಹೂಗಳು.

[ತೆರೆಯ ಮೇಲೆ: ಅನಾನಸಿನ ಒಂದು ಕಣ್ಣು, ತೀರ ಹತ್ತಿರದಿಂದ]

ಅನಾನಸಿನ ಬಳಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಮನ್ನಿಸಬೇಕು. ನಾವು ಕಣ್ಣು ಎನ್ನುವ ಪ್ರತಿಯೊಂದು ಗುಬುಟೂ ಒಂದು ಹೂವಾಗಿತ್ತು. ಅದನ್ನು ಮುಚ್ಚಿಕೊಂಡಿರುವ ಒಣಗಿದ ಪುಟ್ಟ ಎಲೆಯನ್ನು ಬಿಡಿಸಿ ಮೇಲಿನಿಂದ ತೆಳ್ಳಗೆ ಕೊಯ್ದರೆ ಒಳಗೊಂದು ಸಣ್ಣ ಗುಳಿಯೂ ಅದರಲ್ಲಿ ಕಂದು ಬಣ್ಣದ ಹೂವಿನ ಅವಶೇಷವೂ ಕಾಣುತ್ತವೆ. ಇನ್ನು ಈ ಕಣ್ಣುಗಳ ಓರೆಸಾಲುಗಳನ್ನು ಎಣಿಸಿ ನೋಡಿ: ಒಂದು ದಿಕ್ಕಿಗೆ ಸಾಮಾನ್ಯವಾಗಿ 8, ಎದುರು ದಿಕ್ಕಿಗೆ 13, ತೀರ ಕಡಿದಾಗಿ ಏರುವ ಸಾಲುಗಳು 21. 8 ಮತ್ತು 13 ಕೂಡಿದರೆ 21; ಹೀಗೆ ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಸಂಖ್ಯೆಗಳ ಸಾಲನ್ನೇ ಗಣಿತದವರು ಫಿಬೊನಾಚಿ ಸರಣಿ ಎನ್ನುವುದು. ಬೆಳೆಯುವ ತುದಿಯಲ್ಲಿ ಪ್ರತಿ ಹೊಸ ಮೊಗ್ಗೂ ಹಿಂದಿನದರಿಂದ ಸುಮಾರು 137 ಡಿಗ್ರಿ ತಿರುಗಿ ಮೂಡುವುದರಿಂದ ಈ ಸಾಲುಗಳು ತಾವಾಗಿಯೇ ಏರ್ಪಡುತ್ತವೆ. ಗಿಡಕ್ಕೆ ಕೂಡುವ ಲೆಕ್ಕ ಬರಬೇಕಾಗಿಲ್ಲ.

ಇದಕ್ಕಿಂತಲೂ ನನಗೆ ಸೋಜಿಗವೆನಿಸುವುದು ಅದರ ತಲೆಯ ಮೇಲಿನ ಜುಟ್ಟು. ಹಲಸಿನ ಕಾಯಿ ತೊಟ್ಟಿನಿಂದ ಜೋತುಬೀಳುತ್ತದೆ, ಅಲ್ಲಿಗೆ ಅದರ ಬೆಳವಣಿಗೆಯ ದಾರಿ ಮುಗಿಯಿತು. ಅನಾನಸಿನ ಕಾಂಡವಾದರೋ ಹೂಬಿಟ್ಟ ಮೇಲೂ ನಿಲ್ಲದೆ, ಹಣ್ಣಿನ ನಡುವೆಯೇ ತೂರಿ ಹೊರಬಂದು, ಮತ್ತೆ ಎಲೆ ಬಿಡುತ್ತದೆ. ನಾವು ಗಟ್ಟಿಯೆಂದು ಬಿಸಾಡುವ ನಡುವಿನ ದಿಂಡು ಆ ಕಾಂಡ. ಆದ್ದರಿಂದಲೇ ಜುಟ್ಟನ್ನು ತಿರುಚಿ ತೆಗೆದು ನೆಟ್ಟರೆ ಅದು ಬೇರುಬಿಟ್ಟು ಹೊಸ ಗಿಡವಾಗುತ್ತದೆ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಅನಾನಸಿಗೆ ತನ್ನದೇ ತಳಿಯ ಪರಾಗ ಒಗ್ಗದಿರುವುದರಿಂದ, ಒಂದೇ ತಳಿಯ ತೋಟದಲ್ಲಿ ಬೀಜವಿಲ್ಲದೆಯೇ ಹಣ್ಣು ಬೆಳೆಯುತ್ತದೆ; ಹಲಸಿನಲ್ಲಿ ಬೀಜ ಕಟ್ಟದಿದ್ದರೆ ತೊಳೆಯೇ ಇಲ್ಲ. ಹಲಸಿನ ಮೇಣ ಕೈಗೆ ಅಂಟುತ್ತದೆ, ಎಣ್ಣೆ ಹಚ್ಚಿಕೊಂಡರೆ ಆಯಿತು. ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವವು ಪ್ರೋಟೀನನ್ನು ಒಡೆಯುವುದರಿಂದ ಜೆಲ್ಲಿ ಮಾಡಲು ಬಳಸುವ ಪ್ರೋಟೀನಾದ ಜೆಲಟಿನ್, ಹಸಿ ಹಣ್ಣು ಬೆರೆಸಿದರೆ ಗಟ್ಟಿಯಾಗುವುದಿಲ್ಲ, ಆದರೆ ಬೇಯಿಸಿದ ಹಣ್ಣು ಹಾಕಿದರೆ ತೊಂದರೆಯಿಲ್ಲ. ಕೊನೆಯದಾಗಿ, ಬಲಿತ ಹಲಸನ್ನು ಕೊಯ್ದು ಇಟ್ಟರೂ ಅದರ ಪಿಷ್ಟ ಸಕ್ಕರೆಯಾಗಿ ಹಣ್ಣಾಗುತ್ತದೆ. ಅನಾನಸಿನಲ್ಲಿ ಅಂಥ ಪಿಷ್ಟದ ದಾಸ್ತಾನಿಲ್ಲ, ಕೊಯ್ದ ಮೇಲೆ ಎಷ್ಟು ದಿನ ಕಾದರೂ ಸಿಪ್ಪೆ ಹಳದಿಯಾದೀತೇ ಹೊರತು ಸಿಹಿ ಏರದು.