ಶಾಲು ಬೇಡ, ಬಿಲ್ ಕೊಡ್ತೀನಿ

ಅಧ್ಯಕ್ಷರೇ, ಹಿರಿಯರೇ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡೇ ಬಂದಿರುವ ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರು ಬ್ಯಾಂಕು, ಹೋಟೆಲು, ಆಫೀಸು ಮುಗಿಸಿ ಉಳಿದ ಹೊತ್ತಿನಲ್ಲಿ ಫೋಟೋ ತೆಗೆಯುವವರು. ನಾನೂ ಹಾಗೇ ಶುರು ಮಾಡಿದವನು. ಯಾವ ಲೆನ್ಸ್ ಕೊಳ್ಳಬೇಕು ಅಂತ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಯವರೇ ಚೆನ್ನಾಗಿ ಹೇಳುತ್ತಾರೆ. ನಾನು ಬಂದಿರುವುದು ದುಡ್ಡಿನ ಮಾತಾಡುವುದಕ್ಕೆ.

ನಮ್ಮ ಸಮಾರಂಭಗಳಲ್ಲಿ ಅಡುಗೆಯವರಿಗೆ ದುಡ್ಡು, ಮೈಕಿನವರಿಗೆ ದುಡ್ಡು, ಹೂವಿನವರಿಗೆ ಮುಂಗಡ. ದಿನವಿಡೀ ನಿಂತು ಫೋಟೋ ತೆಗೆದ ಹುಡುಗನಿಗೆ ಮಾತ್ರ 'ನಮ್ಮವನೇ ಅಲ್ವಾ' ಅಂತ ಒಂದು ಶಾಲು. ಶಾಲಿನ ಹಿಂದಿನ ಪ್ರೀತಿ ನಿಜ. ಆದರೆ ಪ್ರೀತಿಯಿಂದ ಬ್ಯಾಟರಿ ಬರುವುದಿಲ್ಲ, ಹಾರ್ಡ್ ಡಿಸ್ಕ್ ಬರುವುದಿಲ್ಲ. ಬೆಲೆ ಹೇಳಿ. ಚಿಕ್ಕದಾದರೂ ಸರಿ, ಮೊದಲೇ ಹೇಳಿ.

ಇದೇ ಮುಂಬಯಿಯಲ್ಲಿ, 1930ರ ದಶಕದಲ್ಲಿ, ಹೋಮಾಯಿ ವ್ಯಾರಾವಾಲಾ ತೆಗೆದ ಪಿಕ್ನಿಕ್ ಚಿತ್ರಗಳನ್ನು ಬಾಂಬೆ ಕ್ರಾನಿಕಲ್ ಪತ್ರಿಕೆ ಹಾಕಿಕೊಂಡಿತು. ಚಿತ್ರಕ್ಕೆ ಒಂದು ರೂಪಾಯಿ ಕೊಟ್ಟಿತು. ಮುಂದೆ ಅವರು ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎನಿಸಿಕೊಂಡರು, 2011ರಲ್ಲಿ ಪದ್ಮವಿಭೂಷಣವೂ ಬಂತು. ನನಗೆ ಆ ಪದವಿಗಿಂತ ಆ ಒಂದು ರೂಪಾಯಿಯೇ ದೊಡ್ಡದಾಗಿ ಕಾಣುತ್ತದೆ.

ನನ್ನ ಮೊದಲ ದುಡ್ಡು ಬಂದದ್ದು ಮಸಾಲೆ ದೋಸೆಯಿಂದ. ಇಲ್ಲೇ ಮಾಟುಂಗದ ಹೋಟೆಲೊಂದರ ಮಾಲೀಕರು ಮೆನು ಕಾರ್ಡಿಗೆ ಫೋಟೋ ಬೇಕು ಅಂದರು. ದೋಸೆ ಬಹಳ ಅವಸರದ ಮಾಡೆಲ್ಲು ಮಾರಾಯ್ರೆ! ಕಾವಲಿಯಿಂದ ಇಳಿದ ಎರಡು ಮೂರು ನಿಮಿಷಕ್ಕೆ ತುಪ್ಪದ ಹೊಳಪು ಹೋಗುತ್ತದೆ, ಚಟ್ನಿಯ ಅಂಚಿನಲ್ಲಿ ನೀರು ಬಿಡುತ್ತದೆ. ಮೊದಲು ಟ್ಯೂಬ್‌ಲೈಟ್ ಆರಿಸಲು ಹೇಳಿದೆ. ಕಿಟಕಿಯ ಬೆಳಕಿಗೆ ಅದು ಬೆರೆತರೆ ಆಲೂಗಡ್ಡೆ ಪಲ್ಯದ ಬಣ್ಣವೇ ಕೆಡುತ್ತದೆ. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಖಾಲಿ ತಟ್ಟೆ ಇಟ್ಟು ಫೋಕಸ್ ಹೊಂದಿಸಿಕೊಂಡೆ. ಎದುರು ಬದಿಗೆ ಬಿಳಿ ಥರ್ಮಾಕೋಲ್ ನಿಲ್ಲಿಸಿದೆ, ನೆರಳು ತಿಳಿಯಾಯಿತು. ಆಮೇಲೆ 'ಈಗ ಹಾಕಿ' ಅಂತ ಒಳಗೆ ಕೂಗಿದೆ. ಭಟ್ಟರು ಒಂದಾದ ಮೇಲೊಂದು ದೋಸೆ ಹಾಕುತ್ತಲೇ ಇದ್ದರು. ಫೋಟೋ ಆದದ್ದನ್ನೆಲ್ಲ ಮಾಣಿಗಳು ತಿನ್ನುತ್ತಲೇ ಇದ್ದರು.

ಮುಗಿದ ಮೇಲೆ ಮಾಲೀಕರು 'ಊಟ ಮಾಡಿಕೊಂಡು ಹೋಗಿ, ನೀವು ನಮ್ಮವರೇ ಅಲ್ವಾ' ಅಂದರು. ಊಟ ಮಾಡಿದೆ. ಕೈ ತೊಳೆದು ಬಂದು ನನ್ನ ಫೋಟೋದ ಬಿಲ್ ಕೊಟ್ಟೆ. ಅವರು ಒಂದು ಗಳಿಗೆ ನೋಡಿದರು, ಗಲ್ಲಾಪೆಟ್ಟಿಗೆ ತೆಗೆದು ಎಣಿಸಿ ಕೊಟ್ಟರು. 'ಇನ್ನೊಂದು ಬ್ರಾಂಚಿಗೂ ನೀವೇ ಬನ್ನಿ' ಅಂದರು. ವ್ಯಾಪಾರ ಮಾಡುವವರಿಗೆ ಬಿಲ್ ಅಂದರೆ ಬೇಜಾರಿಲ್ಲ. ಕೇಳುವುದಕ್ಕೆ ನಾಚಿಕೆ ನಮಗೇ.

ಬೆಲೆ ಹೇಳಿದರೆ ಸಾಲದು, ಬರೆದುಕೊಳ್ಳಿ. 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ ನೋಡಿ. ಯಾರಾದರೂ ದುಡ್ಡು ಕೊಟ್ಟು ನಿಮ್ಮಿಂದ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದರ ಹಕ್ಕು ಅವರದ್ದು. ನೀವು ಅದನ್ನು ಬೇರೆ ಕಡೆ ಬಳಸಬೇಕು ಅಂತಿದ್ದರೆ ಮೊದಲೇ ಒಂದು ಕಾಗದದಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ನೀವಾಗಿಯೇ ತೆಗೆದದ್ದು ನಿಮ್ಮದೇ. ನೀವು ಇರುವವರೆಗೂ, ನಿಮ್ಮ ನಂತರ 60 ವರ್ಷವೂ ಅದರ ಹಕ್ಕು ನಡೆಯುತ್ತದೆ.

ಹಾಗಂತ ಎಲ್ಲವನ್ನೂ ಮಾರಬೇಡಿ. ನಾನು ಯಕ್ಷಗಾನದ ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ಚಿತ್ರ ಮಾರುವುದಿಲ್ಲ. ಮಳೆಗಾಲದಲ್ಲಿ ಊರಿನ ಮೇಳಗಳು ಇಲ್ಲಿಗೆ ಬಂದಾಗ ಚೌಕಿಯ ಮೂಲೆಯಲ್ಲಿ ಸುಮ್ನೆ ಕೂರುತ್ತೇನೆ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಮುಖಕ್ಕೆ ಅಕ್ಕಿಹಿಟ್ಟಿನ ಉಬ್ಬು ಚುಕ್ಕಿಗಳ ಚುಟ್ಟಿ ಇಡುವಾಗ ಉಸಿರು ಹಿಡಿದಿರುತ್ತಾರೆ, ಕೈ ಅಲುಗುವುದಿಲ್ಲ. ಅಲ್ಲಿ ಫ್ಲಾಶ್ ಹೊಡೆಯಬಾರದು. ಕೇಳದೆ ತೆಗೆಯಲೂಬಾರದು. ದುಡಿದ ದುಡ್ಡು ನನಗೆ ಕೊಟ್ಟಿರುವುದು ಆ ಮೂಲೆಯಲ್ಲಿ ಕೂರುವ ಪುರುಸೊತ್ತು.

ಜಿಎಸ್‌ಟಿ, ವಿಮೆ, ಆಲ್ಬಮ್ಮಿನ ಲೆಕ್ಕ ಎಲ್ಲ ಹೇಳಬೇಕೆಂದಿದ್ದೆ. ಚೀಟಿ ಬಂತು, ಟೈಮ್ ಆಯಿತು. ಒಂದೇ ಮಾತು: ಕೆಲಸ ಬಿಡುವ ಅವಸರ ಬೇಡ. ತಿಂಗಳ ಸಂಬಳ ಇದ್ದರೆ ಕಡಿಮೆ ಬೆಲೆಗೆ ಕರೆದವರಿಗೆ ಧೈರ್ಯವಾಗಿ 'ಆಗಲ್ಲ' ಅನ್ನಬಹುದು.

ಇನ್ನು ಕಮಿಟಿಯವರಿಗೆ ಒಂದು ಬೇಡಿಕೆ. ಮುಂದಿನ ಯಕ್ಷಗಾನಕ್ಕೆ ಬಜೆಟ್ ಬರೆಯುವಾಗ ಊಟ, ಹಾಲ್ ಬಾಡಿಗೆ, ಮೈಕಿನ ಕೆಳಗೆ 'ಫೋಟೋದವರಿಗೆ' ಅಂತ ಒಂದು ಸಾಲು ಹಾಕಿ. ಎಷ್ಟು ಅಂತ ಈ ಹುಡುಗರನ್ನೇ ಕೇಳಿ, ಇಲ್ಲೇ ಕೂತಿದ್ದಾರೆ.