ದೊಡ್ಡಮ್ಮನ ಹೆಬ್ಬೆಟ್ಟು, ಕೋಆಲಾದ ಹೆಬ್ಬೆಟ್ಟು

ಈಗ ನೀವು ನೋಡುತ್ತಿರುವುದು ನಮ್ಮ ದೊಡ್ಡಮ್ಮನ ಕೈ. ತೀರ್ಥಹಳ್ಳಿ ಹತ್ತಿರದ ಊರು, ಡಿಸೆಂಬರ್ ತಿಂಗಳು, ರಾತ್ರಿ ಎಂಟೂವರೆ. ಜಗಲಿ ತುಂಬ ಹಸಿ ಅಡಿಕೆ. ಮೆಟ್ಟುಗತ್ತಿ ಮುಂದೆ ಕೂತರೆ ದೊಡ್ಡಮ್ಮ ಕೈ ಕಡೆ ನೋಡುವುದೇ ಇಲ್ಲ. ಮಾತು ಒಂದು ಕಡೆ, ಕೈ ಒಂದು ಕಡೆ. ಸಿಪ್ಪೆ ಎಡಕ್ಕೆ ಬೀಳುತ್ತದೆ, ಅಡಿಕೆ ಬುಟ್ಟಿಗೆ ಬೀಳುತ್ತದೆ.

ಕ್ಯಾಮೆರಾ ಸ್ವಲ್ಪ ಹತ್ತಿರ ತಂದಿದ್ದೇನೆ, ಹೆಬ್ಬೆರಳು ನೋಡಿ. ಚೊಗರು ಹಿಡಿದು ಕಪ್ಪಾಗಿದೆ. ಅಂಚಿನಲ್ಲಿ ಗೆರೆಗಳು ಕಾಣುತ್ತವೆ, ಬಳಸಿ ಬಳಸಿ ಒಳಗೆ ಬರುತ್ತವೆ. ನಡುವೆ ಮಾತ್ರ ಬೋಳು, ಉಜ್ಜಿದ ಕಲ್ಲಿನ ಹಾಗೆ.

ಆ ಬೋಳು ಜಾಗದ ದೆಸೆಯಿಂದಲೇ ಇವತ್ತಿನ ವಿಡಿಯೋ. ಹೋದ ವಾರ ದೊಡ್ಡಮ್ಮನ ಜೊತೆ ರೇಷನ್ ತರಲು ಹೋಗಿದ್ದೆ. ಥಂಬ್ ಕೊಟ್ಟರು, ಮೆಷಿನ್ ತಗೊಳ್ಳಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಟ್ಟರು. ಇಲ್ಲ. ಬಲಗೈಯ ಐದೂ ಬೆರಳು ಮುಗಿದವು. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಎಡಗೈಯ ಉಂಗುರ ಬೆರಳಿಗೆ ಮೆಷಿನ್ ಒಪ್ಪಿತು. ಬರುವಾಗ ದೊಡ್ಡಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ನಡೆದರು. ನನಗೆ ತುಂಬ ಬೇಜಾರಾಯಿತು. ನಾಚಿಕೆ ಪಡುವಂಥ ಕೈ ಅಲ್ಲ ಅದು.

ಅವತ್ತು ರಾತ್ರಿ ಬೆರಳಚ್ಚಿನ ಬಗ್ಗೆ ಓದುತ್ತಾ ಕೂತೆ. ಓದುತ್ತಾ ಓದುತ್ತಾ ಎಲ್ಲಿಗೆ ಹೋದೆ ಗೊತ್ತಾ? ಆಸ್ಟ್ರೇಲಿಯಾದ ನೀಲಗಿರಿ ಮರದ ಮೇಲಕ್ಕೆ, ಕೋಆಲಾ ಹತ್ತಿರ.

ಬೂದು ಬಣ್ಣ, ದೊಡ್ಡ ಕಿವಿ, ಕಪ್ಪು ಮೂಗು. ನೋಡಲು ಕರಡಿ ಮರಿಯ ಹಾಗಿದೆ, ಆದರೆ ಕರಡಿ ಜಾತಿ ಅಲ್ಲ. ಕಾಂಗರೂ ಥರ ಹೊಟ್ಟೆಚೀಲದಲ್ಲಿ ಮರಿ ಸಾಕುವ ಪ್ರಾಣಿ. ಹುಟ್ಟಿದಾಗ ಮರಿ ಎರಡು ಸೆಂಟಿಮೀಟರ್ ಇರುತ್ತದೆ ಅಷ್ಟೇ. ಒಂದು ಹುರುಳಿಕಾಯಿ ಬೀಜದಷ್ಟು ಅಂದುಕೊಳ್ಳಿ. ನಮಗೂ ಇದಕ್ಕೂ ಎಲ್ಲಿಯ ನೆಂಟಸ್ತಿಕೆ?

ಆದರೆ ಈ ಪ್ರಾಣಿಯ ಬೆರಳ ತುದಿಯಲ್ಲಿ ನಮ್ಮದೇ ಥರದ ಗೆರೆಗಳಿವೆ. ಸುರುಳಿ ಇದೆ, ಬಳಸು ಇದೆ, ಗೆರೆ ಕವಲೊಡೆಯುವ ಜಾಗವೂ ಇದೆ. ಅಡಿಲೇಡ್ ವಿಶ್ವವಿದ್ಯಾಲಯದ ಮಾಚೆ ಹೆನ್ನೆಬರ್ಗ್ ಮತ್ತು ಜೊತೆಯವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿ 1997ರಲ್ಲಿ ಬರೆದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಇದು ಕೋಆಲಾದ್ದು, ಇದು ಮನುಷ್ಯರದ್ದು ಅಂತ ಬೇರೆ ಮಾಡುವುದು ಸುಲಭವಲ್ಲವಂತೆ.

ನಮ್ಮ ತೋಟಕ್ಕೆ ಬರುವ ಮಂಗನ ಕೈಯಲ್ಲೂ ಇಂಥ ಗೆರೆ ಇರುತ್ತವೆ. ಅದು ಸರಿ, ಮಂಗ ನಮ್ಮ ಬಳಗವೇ. ಕೋಆಲಾದ ಕಥೆ ಬೇರೆ. ಅದರ ವಂಶ, ನಮ್ಮ ವಂಶ ಬೇರೆಯಾಗಿ ಹತ್ತು ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ. ಅದರ ಹತ್ತಿರದ ನೆಂಟ ವೊಂಬ್ಯಾಟ್, ನೆಲದಲ್ಲಿ ಬಿಲ ತೋಡುವ ಪ್ರಾಣಿ. ಅದಕ್ಕೆ ಈ ಗೆರೆ ಇಲ್ಲ. ಅಂದರೆ ಯಾವುದೋ ಹಳೆಯ ಅಜ್ಜನಿಂದ ಇಬ್ಬರಿಗೂ ಬಂದ ಆಸ್ತಿ ಅಲ್ಲ ಇದು. ಅಲ್ಲಿ ಅದರ ಪಾಡಿಗೆ ಅದಕ್ಕೆ ಬಂತು, ಇಲ್ಲಿ ನಮ್ಮ ಪಾಡಿಗೆ ನಮಗೆ ಬಂತು. ಬಾವಲಿಗೂ ಹಕ್ಕಿಗೂ ಬೇರೆ ಬೇರೆಯಾಗಿ ರೆಕ್ಕೆ ಬಂದ ಹಾಗೆ.

ಹೇಗೆ ಬಂತು? ಹೆನ್ನೆಬರ್ಗ್ ಅವರ ಉತ್ತರ ನನಗೆ ತುಂಬ ಹಿಡಿಸಿತು. ಕೈ ಮಾಡುವ ಕೆಲಸದಿಂದ ಬಂತು ಅನ್ನುತ್ತಾರೆ. ನೆಟ್ಟಗಿರುವ ಮರ ಹತ್ತಬೇಕು, ಕೊಂಬೆ ಬಿಗಿಯಾಗಿ ಹಿಡಿಯಬೇಕು, ಎಲೆಯನ್ನು ಹದವಾಗಿ ಹಿಡಿದು ಬಾಯಿಗೆ ತರಬೇಕು. ಕೋಆಲಾ ಸಿಕ್ಕಿದ ಎಲೆ ತಿನ್ನುವುದಿಲ್ಲ. ನೀಲಗಿರಿಯಲ್ಲಿ ನೂರಾರು ಜಾತಿ ಇವೆ, ಅದು ತಿನ್ನುವುದು ಕೆಲವನ್ನೇ. ಅದರಲ್ಲೂ ಮೂಸಿ ನೋಡಿ ಆರಿಸಿಕೊಳ್ಳುತ್ತದೆ. ಎಲೆಯಲ್ಲಿ ವಿಷದ ಅಂಶ ಇರುತ್ತದೆ, ಸತ್ವ ಕಡಿಮೆ. ಅದಕ್ಕೇ ದಿನಕ್ಕೆ ಹದಿನೆಂಟು, ಇಪ್ಪತ್ತು ಗಂಟೆ ಮಲಗಿರುತ್ತದೆ. ಸೋಮಾರಿ ಅನ್ನಬೇಡಿ, ದಯವಿಟ್ಟು.

ಈ ಶಾಟ್ ಮರ ಹತ್ತಿ ಅಡಿಕೆ ಗೊನೆ ತೆಗೆಯುವ ನಮ್ಮ ಅಣ್ಣನದು. ಬೆಳಿಗ್ಗೆ ಮಂಜು ಇನ್ನೂ ಹರಿದಿರಲಿಲ್ಲ, ಮರ ಒದ್ದೆ ಇತ್ತು. ಕೈ ನೋಡಿ, ಮರವನ್ನು ಅಪ್ಪಿ, ಬೆರಳು ಒತ್ತಿ, ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಪಕ್ಕದಲ್ಲಿ ಕೋಆಲಾ ಮರ ಹತ್ತುವ ಚಿತ್ರ ಇಟ್ಟು ನೋಡಿದೆ. ಅಣ್ಣನ ಹಿಡಿತ, ಅದರ ಹಿಡಿತ, ಎರಡೂ ಒಂದೇ. ಒಂದು ವ್ಯತ್ಯಾಸ ಇದೆ. ಕೋಆಲಾದ ಮುಂಗೈಯಲ್ಲಿ ಐದು ಬೆರಳು, ಅದರಲ್ಲಿ ಎರಡು ಹೆಬ್ಬೆರಳಿನ ಹಾಗೆ ಉಳಿದ ಮೂರಕ್ಕೆ ಎದುರಾಗಿ ಮಡಚುತ್ತವೆ. ಎರಡು ಕಡೆಯಿಂದ ಇಕ್ಕಳದ ಹಾಗೆ ಕೊಂಬೆ ಹಿಡಿಯುತ್ತದೆ.

ಗೆರೆಗಳ ಇನ್ನೊಂದು ಕೆಲಸ ಮುಟ್ಟಿ ತಿಳಿಯುವುದು. ಬೆರಳನ್ನು ಬಟ್ಟೆ ಮೇಲೆ ಮೆಲ್ಲಗೆ ಎಳೆದು ನೋಡಿ. ಗೆರೆ ಉಜ್ಜಿದಾಗ ಸಣ್ಣ ಕಂಪನ ಏಳುತ್ತದೆ, ಚರ್ಮದ ಒಳಗಿನ ನರಕ್ಕೆ ಅದು ಗೊತ್ತಾಗುತ್ತದೆ. ದೊಡ್ಡಮ್ಮ ಕತ್ತಲಲ್ಲಿ ಕರೆಂಟ್ ಹೋದರೂ ಕೊಳೆ ಅಡಿಕೆಯನ್ನು ಕೈಯಲ್ಲೇ ಗುರುತಿಸಿ ಪಕ್ಕಕ್ಕೆ ಹಾಕುತ್ತಾರೆ. ನಾನು ಟಾರ್ಚ್ ಬಿಟ್ಟು ನೋಡಿದೆ, ಒಂದೂ ತಪ್ಪಿರಲಿಲ್ಲ.

ಬೆರಳಚ್ಚಿನಿಂದ ಆಳನ್ನು ಗುರುತಿಸುವುದೆಲ್ಲ ಈಚಿನ ಮಾತು. ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಶುರುವಾಗಿದ್ದು ನಮ್ಮ ದೇಶದಲ್ಲೇ, ಕೋಲ್ಕತ್ತದಲ್ಲಿ, 1897ರಲ್ಲಿ. ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಗೆರೆಗಳನ್ನು ವಿಂಗಡಿಸುವ ಲೆಕ್ಕ ಕಟ್ಟಿಕೊಟ್ಟರು. ಆದರೆ ಗೆರೆ ಮೂಡಿದ್ದು ಮೆಷಿನ್‌ಗಾಗಿ ಅಲ್ಲ. ಹಿಡಿಯುವ, ಮುಟ್ಟುವ ಕೈಗಾಗಿ. ಅದೇ ಕೆಲಸ ಮಾಡಿ ಮಾಡಿ ಸವೆದ ಕೈಯನ್ನು ಮೆಷಿನ್ ಗುರುತಿಸಲಿಲ್ಲ ಅಂದರೆ ತಪ್ಪು ಕೈಯದ್ದಲ್ಲ, ಅಲ್ವಾ?

ಇನ್ನೊಂದು ಸಮಾಧಾನದ ವಿಷಯ ಸಿಕ್ಕಿತು. ಗೆರೆಯ ಬೇರು ಚರ್ಮದ ಒಳಪದರದಲ್ಲಿರುತ್ತದೆ, ಹೊಟ್ಟೆಯಲ್ಲಿದ್ದಾಗಲೇ ಮೂಡಿದ್ದು ಅದು. ಮೇಲಿನ ಪದರ ಸವೆದರೂ ಕೈಗೆ ಬಿಡುವು ಕೊಟ್ಟರೆ ಹೊಸ ಚರ್ಮ ಅದೇ ಗೆರೆ ಹೊತ್ತು ಬರುತ್ತದೆ. ಅಡಿಕೆ ಸುಗ್ಗಿ ಮುಗಿದ ಮೇಲೆ ದೊಡ್ಡಮ್ಮನ ಹೆಬ್ಬೆರಳಿನ ವಿಡಿಯೋ ಮತ್ತೆ ಮಾಡುತ್ತೇನೆ.

ನಮ್ಮ ಕಡೆಯೂ ನೀಲಗಿರಿ ಇದೆ, ಭದ್ರಾವತಿಯ ಕಾಗದದ ಕಾರ್ಖಾನೆಗೆ ಅಂತ ಬೆಳೆಸಿದ್ದು. ಇಲ್ಲಿ ಅದು ಹೊರಗಿನಿಂದ ಬಂದ ಮರ. ಅಲ್ಲಿ ಅದೇ ಮರ ಕೋಆಲಾಗೆ ಊಟ, ಮನೆ ಎಲ್ಲ. ಆ ಕಾಡು ಕಡಿದು, ಬೆಂಕಿ ಬಿದ್ದು, ಮೇಲೆ ರೋಗವೂ ಸೇರಿ, 2022ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ರಾಜಧಾನಿ ಪ್ರದೇಶದ ಕೋಆಲಾಗಳನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿತು.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ಮೊಬೈಲ್‌ನಲ್ಲಿ ಅದರ ಕೈ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತಮ್ಮ ಬೆರಳನ್ನು ಪಕ್ಕದಲ್ಲಿ ಹಿಡಿದು ನೋಡಿದರು.

"ಎಷ್ಟು ಹೆಬ್ಬೆಟ್ಟು ಅಂದೆ ಇದಕ್ಕೆ?"

"ಒಂದೊಂದು ಕೈಗೆ ಎರಡೆರಡು, ದೊಡ್ಡಮ್ಮ."

"ಒಳ್ಳೇದಾಯ್ತು ಮಾರಾಯ್ತಿ. ಒಂದು ಸವೆದ್ರೆ ಇನ್ನೊಂದು ಇರುತ್ತೆ."

ಮೊಬೈಲ್ ನನ್ನ ಕೈಗೆ ಕೊಟ್ಟು, ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡರು.