ಡಿ ಒತ್ತಿದ್ರಾ, ಎನ್ ಒತ್ತಿದ್ರಾ?

ಕೇಳುಗರಿಗೆ ನಮಸ್ಕಾರ.

ನೀವು ಪಂಚಾಯಿತಿ ಕಚೇರಿಯಲ್ಲಿ ಪತ್ರ ಟೈಪ್ ಮಾಡುವವರಿರಬಹುದು, ಬಸ್ ಸ್ಟ್ಯಾಂಡ್ ಪಕ್ಕದ ಡಿಟಿಪಿ ಅಂಗಡಿಯವರಿರಬಹುದು, ಮಗಳ ಪ್ರಾಜೆಕ್ಟ್ ವರದಿಯ ಮಾರ್ಜಿನ್ ಸರಿಮಾಡುತ್ತಾ ರಾತ್ರಿ ಹನ್ನೊಂದರವರೆಗೆ ಕೂತ ಅಪ್ಪನೋ ಅಮ್ಮನೋ ಇರಬಹುದು. ನಿಮಗೆಲ್ಲ ಒಂದೇ ಮಾತು ಹೇಳಲು ಬಂದಿದ್ದೇನೆ: ಅಕ್ಷರ ಬೇರೆ, ಅಲಂಕಾರ ಬೇರೆ. ನನಗೆ ಎಂಟು ನಿಮಿಷ ಕೊಟ್ಟಿದ್ದಾರೆ. ಇದೊಂದು ನೆನಪಿಟ್ಟುಕೊಳ್ಳಿ, ಮಿಕ್ಕದ್ದು ಮರೆತರೂ ಬೇಜಾರಿಲ್ಲ.

ಕಂಪ್ಯೂಟರಿನಲ್ಲಿ ಬರೆಯುವ ಸಲಕರಣೆಗಳು ಎರಡು ಜಾತಿ. ಒಂದು ಟೆಕ್ಸ್ಟ್ ಎಡಿಟರ್. ನೀವು ಒತ್ತಿದ ಅಕ್ಷರ ಬಿಟ್ಟು ಬೇರೇನನ್ನೂ ಅದು ಫೈಲಿನಲ್ಲಿ ಇಡುವುದಿಲ್ಲ. ಇನ್ನೊಂದು ವರ್ಡ್ ಪ್ರೊಸೆಸರ್. ಅದು ಅಕ್ಷರದ ಜೊತೆಗೆ ದಪ್ಪ, ಓರೆ, ಅಂಚು, ಪುಟ ಎಲ್ಲದರ ಗುರುತನ್ನೂ ಸೇರಿಸಿ ಇಡುತ್ತದೆ. ಮೊದಲನೆಯದು ಅಕ್ಕಿ, ಎರಡನೆಯದು ಚಿತ್ರಾನ್ನ. ಅಕ್ಕಿಯಿಂದ ಚಿತ್ರಾನ್ನ ಯಾರಾದರೂ ಮಾಡಿಯಾರು. ಚಿತ್ರಾನ್ನದಿಂದ ಅಕ್ಕಿ ಆರಿಸಲು ಕೂತವರನ್ನು ನಾನು ದಿನಾ ನೋಡುತ್ತಿದ್ದೇನೆ.

ಮೌಸ್ ಇಲ್ಲದ ಕಾಲದಲ್ಲಿ ಈ ಎರಡೂ ಜಾತಿ ಬೆರಳ ತುದಿಯಲ್ಲೇ ಓಡುತ್ತಿದ್ದವು. 1978ರಲ್ಲಿ ಅಮೆರಿಕದಲ್ಲಿ ಸೀಮರ್ ರೂಬಿನ್‌ಸ್ಟೈನ್ ಮೈಕ್ರೋಪ್ರೊ ಎಂಬ ಕಂಪನಿ ಶುರುಮಾಡಿದರು. ಅವರ ಪ್ರೋಗ್ರಾಮರ್ ರಾಬ್ ಬಾರ್ನಬಿ ಬರೆದ ವರ್ಡ್ ಪ್ರೊಸೆಸರೇ ವರ್ಡ್‌ಸ್ಟಾರ್. ಆಗಿನ ಎಷ್ಟೋ ಕೀಬೋರ್ಡುಗಳಲ್ಲಿ ಬಾಣದ ಕೀಲಿಗಳೇ ಇರಲಿಲ್ಲ. ಹಾಗಾಗಿ ಎಡಗಿರುಬೆರಳಿನಿಂದ ಕಂಟ್ರೋಲ್ ಹಿಡಿದು, ಇ ಒತ್ತಿದರೆ ಮೇಲೆ, ಎಕ್ಸ್ ಒತ್ತಿದರೆ ಕೆಳಗೆ, ಎಸ್ ಎಡಕ್ಕೆ, ಡಿ ಬಲಕ್ಕೆ. ನಿಮ್ಮ ಕೀಬೋರ್ಡ್ ನೋಡಿ, ಈ ನಾಲ್ಕೂ ಒಂದು ವಜ್ರದ ಆಕಾರದಲ್ಲಿ ಕೂತಿವೆ. ಒಂದು ಪ್ಯಾರಾ ಎತ್ತಿ ಬೇರೆ ಕಡೆ ಇಡಬೇಕೇ? ಶುರುವಿಗೆ ಕಂಟ್ರೋಲ್ ಕೆ ಬಿ, ಕೊನೆಗೆ ಕಂಟ್ರೋಲ್ ಕೆ ಕೆ, ಇಡುವಲ್ಲಿ ಹೋಗಿ ಕಂಟ್ರೋಲ್ ಕೆ ವಿ. ನನಗೆ ನಮ್ಮ ಮನೆಯವರ ಫೋನ್ ನಂಬರ್ ನೆನಪಿಲ್ಲ, ಇದು ನೆನಪಿದೆ.

ಈಗ ಡಿ ಮತ್ತು ಎನ್ ಕಥೆ. 1991ರಲ್ಲಿ ನಾನು ದಾವಣಗೆರೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಸೇರಿದ್ದೆ. ಕಂಪ್ಯೂಟರ್ ನಡೆಸುವ ಡಾಸ್, ವರ್ಡ್‌ಸ್ಟಾರ್, ಲೆಕ್ಕದ ಹಾಳೆಯ ಲೋಟಸ್, ಮಾಹಿತಿ ಜೋಡಿಸಿಡುವ ಡಿಬೇಸ್, ಕೊನೆಗೆ ಪ್ರೋಗ್ರಾಂ ಬರೆಯುವ ಭಾಷೆ ಕೋಬಾಲ್. ಎಸಿ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಒಂದು ಮಿಷನ್ನಿಗೆ ಇಬ್ಬರು, ದಿನಕ್ಕೆ ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ಪಕ್ಕದವನದು. ಸಂಬಳದ ಬಿಲ್ ತಯಾರಿಸುವ ಕೋಬಾಲ್ ಪ್ರೋಗ್ರಾಂ ಬರೆಯಿರಿ ಎಂದರು. ಮನೆಯಲ್ಲಿ ಹಾಳೆಯ ಮೇಲೆ ಬರೆದೆ, ಮೇಷ್ಟ್ರಿಗೆ ತೋರಿಸಿದೆ, ಸರಿಯಿದೆ ಎಂದರು. ವರ್ಡ್‌ಸ್ಟಾರ್ ತೆರೆದು ಟೈಪ್ ಮಾಡಿ, ಪ್ರೋಗ್ರಾಂ ಓದಿ ಮಿಷನ್ನಿನ ಭಾಷೆಗೆ ತಿರುಗಿಸುವ ಕಂಪೈಲರಿಗೆ ಕೊಟ್ಟೆ. ಪ್ರೋಗ್ರಾಮಿನಲ್ಲಿ ಇದ್ದ ಸಾಲುಗಳಿಗಿಂತ ಹೆಚ್ಚು ತಪ್ಪುಗಳು ಬಂದವು! ಪರದೆಯಲ್ಲಿ ನೋಡಿದರೆ ಒಂದು ಫುಲ್‌ಸ್ಟಾಪ್ ಕೂಡ ಆಚೀಚೆ ಇಲ್ಲ. ಮರುದಿನ ಎಲ್ಲ ಅಳಿಸಿ ಮೊದಲಿನಿಂದ ಹೊಡೆದೆ. ಅಷ್ಟೇ ತಪ್ಪು. ಮೇಷ್ಟ್ರು ಬಗ್ಗಿ ನೋಡಿದರು, ನೆಟ್ಟಗಾದರು, ಮಿಷನ್ ಬಿಸಿಯಾಗಿರಬೇಕು ಎಂದು ಹೊರಟುಹೋದರು.

ಆ ಕೋಣೆಯ ಬೀಗದ ಕೈ ಒಬ್ಬ ಹುಡುಗನ ಹತ್ತಿರ ಇರುತ್ತಿತ್ತು. ಚಪ್ಪಲಿ ಸಾಲಾಗಿ ಜೋಡಿಸುವುದು, ಫ್ಲಾಪಿ ಕೊಡುವುದು, ವಾಪಸು ತಗೊಳ್ಳುವುದು ಅವನ ಕೆಲಸ. ಕೋಬಾಲ್ ಅವನಿಗೆ ಬರುತ್ತಿರಲಿಲ್ಲ. ಅವನು ನನ್ನ ಹಿಂದೆ ನಿಂತು ಕೇಳಿದ, "ಅಣ್ಣಾ, ಡಿ ಒತ್ತಿದ್ರಾ, ಎನ್ ಒತ್ತಿದ್ರಾ?"

ವರ್ಡ್‌ಸ್ಟಾರಿನ ಮೊದಲ ಮೆನುವಿನಲ್ಲಿ ಎರಡು ಬಾಗಿಲು. ಡಿ ಅಂದರೆ ಡಾಕ್ಯುಮೆಂಟ್, ಎನ್ ಅಂದರೆ ನಾನ್-ಡಾಕ್ಯುಮೆಂಟ್, ಅಲಂಕಾರವಿಲ್ಲದ ಬರೀ ಅಕ್ಷರ. ನಾನು ಡಿ ಒತ್ತಿದ್ದೆ. ಹುಡುಗ ಡಾಸ್‌ಗೆ ಹೋಗಿ ಟೈಪ್ ಎಂಬ ಆದೇಶ ಕೊಟ್ಟು ನನ್ನ ಫೈಲನ್ನು ಪರದೆಗೆ ಸುರಿದ. ಆಹಾ! 'ಮೂವ್' ಎಂಬ ಪದದ ಕೊನೆಯಲ್ಲಿ ಇ ಇರಬೇಕಿತ್ತು. ಅಲ್ಲಿ ಕೋಷ್ಟಕ ಹಾಕುವ ಅಡ್ಡಗೆರೆ-ಉದ್ದಗೆರೆಯ ಕೂಡುಗುರುತು ಕೂತಿದೆ. ಹೀಗೆ ಎಷ್ಟೋ ಪದಗಳ ಬಾಲ ಕೆಟ್ಟಿತ್ತು. ಕಾರಣ ಬಹಳ ಸರಳ. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಡುತ್ತದೆ, ದೊಡ್ಡ ಇ ಅಕ್ಷರದ ಸಂಖ್ಯೆ 69. ಸಾಲಿನ ಬಲ ಅಂಚು ಸಮ ಮಾಡಲು ಎಲ್ಲಿ ಜಾಗ ತುಂಬಬಹುದು ಎಂದು ನೆನಪಿಡಲು, ವರ್ಡ್‌ಸ್ಟಾರ್ ಪದದ ಕೊನೆಯ ಅಕ್ಷರಕ್ಕೆ 128 ಸೇರಿಸಿ ಇಡುತ್ತಿತ್ತು. 69ಕ್ಕೆ 128 ಸೇರಿದರೆ 197. ಐಬಿಎಂ ಪಿಸಿಯಲ್ಲಿ 197 ಅಂದರೆ ಆ ಕೂಡುಗುರುತು. ವರ್ಡ್‌ಸ್ಟಾರ್ ಒಳಗೆ ಇದ್ದಾಗ ಅದು ಗುಟ್ಟು ಬಿಡುವುದಿಲ್ಲ, ಅಚ್ಚುಕಟ್ಟಾಗಿ ಇ ಎಂದೇ ತೋರಿಸುತ್ತದೆ. ಪಾಪ, ಕಂಪೈಲರಿಗೆ ಈ ಒಳಗುಟ್ಟು ಏನು ಗೊತ್ತು?

ಮೂರನೇ ಸಲ ಎನ್ ಒತ್ತಿ ಹೊಡೆದೆ. ಒಂದೇ ಏಟಿಗೆ ಓಡಿತು. ಅಕ್ಷರ ಬೇರೆ, ಅಲಂಕಾರ ಬೇರೆ. ಇದನ್ನು ನನಗೆ ಕಲಿಸಿದವನು ಚಪ್ಪಲಿ ಜೋಡಿಸುವ ಹುಡುಗ, ಫೀಸು ತಗೊಂಡವರು ಬೇರೆ.

ಎಂಟರಲ್ಲಿ ಆರು ನಿಮಿಷ ಇದಕ್ಕೇ ಹೋಯಿತು. ಮಿಕ್ಕದ್ದನ್ನು ಓಡಿಸಿಬಿಡುತ್ತೇನೆ. ವರ್ಡ್‌ಪರ್ಫೆಕ್ಟ್, ಇನ್ನೊಂದು ವರ್ಡ್ ಪ್ರೊಸೆಸರ್, ಅಮೆರಿಕದ ಯೂಟಾದಿಂದ ಬಂದದ್ದು. ಅದರ 5.1 ಆವೃತ್ತಿ 1989ರದು. ಕೆಂಪು, ಹಸಿರು, ನೀಲಿ ಬರಹದ ಒಂದು ಪಟ್ಟಿಯನ್ನು ಫಂಕ್ಷನ್ ಕೀಲಿಗಳ ಹತ್ತಿರ ಇಟ್ಟುಕೊಂಡು ಕೆಲಸ ಮಾಡಬೇಕು. ಆದರೆ ಪ್ರಾಮಾಣಿಕ ಪ್ರಾಣಿ. ಆಲ್ಟ್ ಎಫ್3 ಒತ್ತಿದರೆ ಪರದೆ ಎರಡಾಗಿ ಸೀಳಿ, ಕೆಳಗೆ ಅಲಂಕಾರದ ಗುರುತುಗಳನ್ನೆಲ್ಲ ಬಿಚ್ಚಿ ತೋರಿಸುತ್ತಿತ್ತು. ಇನ್ನು ಬರೀ ಅಕ್ಷರದ ಕಡೆಗೆ ವಿಐ ಎಂಬ ಟೆಕ್ಸ್ಟ್ ಎಡಿಟರ್, 1976ರಲ್ಲಿ ಬರ್ಕ್‌ಲಿಯಲ್ಲಿ ಬಿಲ್ ಜಾಯ್ ಬರೆದದ್ದು. ದೂರದ ಕಂಪ್ಯೂಟರಿಗೆ ಫೋನ್ ತಂತಿಯಲ್ಲಿ ಜೋಡಿಸುವ ಅವರ ಮನೆಯ ಮೋಡೆಮ್ ಸೆಕೆಂಡಿಗೆ ಸುಮಾರು 30 ಅಕ್ಷರ ತರುತ್ತಿತ್ತು, ಒಂದು ಪರದೆ ತುಂಬಲು ಒಂದು ನಿಮಿಷ ಬೇಕು. ಅದಕ್ಕೇ ಅದರ ಆದೇಶಗಳು ಒಂದೊಂದೇ ಅಕ್ಷರ, ಒಂದು ಸಾಲು ಅಳಿಸಲು ಎರಡು ಸಲ ಡಿ. ಅದೇ ವರ್ಷ ಎಂಐಟಿಯಲ್ಲಿ ಹುಟ್ಟಿದ ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್ ಬಗ್ಗೆ ಹೇಳಲು ಸಮಯವಿಲ್ಲ, ಅದರ ಅಭಿಮಾನಿಗಳು ಕ್ಷಮಿಸಬೇಕು. ಅವರು ಕ್ಷಮಿಸುವವರಲ್ಲ, ಇರಲಿ.

ಇದೆಲ್ಲ ಹಳೇ ಕಥೆ ಅನ್ನಬೇಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ನಿಮ್ಮ ಕಚೇರಿಯಲ್ಲಿ ಈಗಲೂ ಇರುತ್ತದೆ. ಅದರಲ್ಲಿ 'ಕನ್ನಡ' ಎಂಬ ಪದವನ್ನು ಆಯ್ದು ಬೇರೆ ಫಾಂಟ್ ಹಾಕಿ ನೋಡಿ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ! ಅಲ್ಲಿ ಕನ್ನಡದ ಅಕ್ಷರ ಇರಲೇ ಇಲ್ಲ, ಕನ್ನಡದ ಅಲಂಕಾರ ಮಾತ್ರ ಇತ್ತು. ವೇಷ ಕಳಚಿತು, ಪೌಂಡ್ ಉಳಿಯಿತು. ಒಂದೊಂದು ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿರುವ ಯುನಿಕೋಡಿನಲ್ಲಿ ಬರೆದರೆ ಕ ಯಾವ ಫಾಂಟ್ ಹಾಕಿದರೂ ಕ.

ಆದ್ದರಿಂದ ದಯವಿಟ್ಟು, ಮೊದಲು ನೋಟ್‌ಪ್ಯಾಡ್ ತೆರೆಯಿರಿ. ಯುನಿಕೋಡಿನಲ್ಲಿ ಪೂರ್ತಿ ಬರೆದು ಮುಗಿಸಿ. ಆಮೇಲೆ ವರ್ಡ್‌ಗೆ ಹಾಕಿ ಎಷ್ಟು ಬೇಕಾದರೂ ಶೃಂಗಾರ ಮಾಡಿ, ನಾನು ಕೇಳುವುದಿಲ್ಲ. ಮೊದಲ ಸಾಲು ಬರೆಯುವ ಮುಂಚೆಯೇ ಹೆಡ್ಡಿಂಗಿಗೆ ಬಣ್ಣ ಆರಿಸುತ್ತಾ ಕೂತವರನ್ನು ಕಂಡರೆ ಮಾತ್ರ ನನಗೆ ತಡೆಯಲಾಗುವುದಿಲ್ಲ. ನಮಸ್ಕಾರ.